ಉರುಳು ಈಗಾಗಲೇ ನಿಷಿದ್ಧ. ಹಾಗಾದರೆ ನಾವು ಕೇಳಬೇಕಾದ್ದು ಇನ್ನೇನು? ತೋಟಗಳ ತಂತಿ ಉರುಳು ಕುರಿತು ಚರ್ಚೆ

ಹಳ್ಳದದಂಡೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿ, ಬೆಳೆಗಾರರಾದ ನಮ್ಮ ನಡುವೆಯೇ ಈ ಮಾತು ಬಾರದಿದ್ದರೆ ಮತ್ತೆಲ್ಲಿ ಬಂದೀತು ಎಂದುಕೊಂಡು ಬರೆಯುತ್ತಿದ್ದೇನೆ.

ಕಳೆದ ಗುರುವಾರ ತೋಟದ ಕೆಳಭಾಗದಲ್ಲಿ, ಹಳ್ಳಕ್ಕೆ ಹೊಂದಿಕೊಂಡ ಪಟ್ಟೆಯಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡಿಸುತ್ತಿದ್ದೆ. ಒಂದು ಸಿಲ್ವರ್ ಓಕ್ ಮರದ ಬುಡದ ಸುತ್ತ ನೆಲವೆಲ್ಲ ಕೆದರಿಹೋಗಿರುವುದು ಕಂಡಿತು. ಒಂದು ಮಾರು ಅಗಲದ ವೃತ್ತದೊಳಗೆ ಹುಲ್ಲಿನ ಎಸಳೂ ಉಳಿದಿರಲಿಲ್ಲ. ಆ ವೃತ್ತಕ್ಕೆ ಎಟಕುವ ಎರಡು ಕಾಫಿ ಗಿಡಗಳ ತೊಗಟೆಯನ್ನು ಒಳಗಿನ ಬಿಳಿ ಮರ ಕಾಣುವಷ್ಟು ಕಚ್ಚಿ ಹಾಕಲಾಗಿತ್ತು. ಮರದ ಬುಡಕ್ಕೆ ಬಿಗಿದಿದ್ದುದು ಬೈಕಿನ ಕ್ಲಚ್ ವೈರ್. ಅದರ ತುದಿಯ ಲೋಹದ ಗುಂಡು ಹಾಗೆಯೇ ಇತ್ತು; ಹ್ಯಾಂಡಲ್‌ನಲ್ಲಿ ವೈರ್ ಜಾರಿಹೋಗದಂತೆ ಹಿಡಿಯುವ ಗುಂಡನ್ನೇ ಇಲ್ಲಿ ಕುಣಿಕೆ ಬಿಚ್ಚಿಕೊಳ್ಳದಂತೆ ಬಳಸಿದ್ದರು. ಕುಣಿಕೆಯ ಎಳೆಗಳ ನಡುವೆ ಕೆಂಗಂದು ಕೂದಲು, ಒಣಗಿದ ಚರ್ಮದ ಚೂರು ಸಿಕ್ಕಿಕೊಂಡಿದ್ದವು. ಕಾಡುಕುರಿ ಇರಬೇಕು ಎಂದು ಕೆಲಸದವರು ಹೇಳಿದರು. ಅದನ್ನು ಯಾರಾದರೂ ಒಯ್ದರೋ, ಅದೇ ಬಿಡಿಸಿಕೊಂಡು ಹೋಗಿ ಎಲ್ಲೋ ಬಿದ್ದು ಸತ್ತಿತೋ ಎಂಬ ನನ್ನ ಪ್ರಶ್ನೆಗೆ ಮಾತ್ರ ಯಾರೂ ಉತ್ತರಿಸಲಿಲ್ಲ. ಅಷ್ಟು ಹೊತ್ತು ನಡೆಯುತ್ತಿದ್ದ ಹರಟೆಯೂ ಅಲ್ಲಿಗೆ ನಿಂತಿತು.

ಚಿರತೆ ಉರುಳಿಗೆ ಬಿದ್ದಾಗ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ನಾವೂ ಅಯ್ಯೋ ಎನ್ನುತ್ತೇವೆ. ಕಾಡುಕುರಿ, ಮೊಲ, ಮುಳ್ಳುಹಂದಿ, ಪುನುಗಿನ ಬೆಕ್ಕುಗಳ ಲೆಕ್ಕವನ್ನು ಇಡುವವರಿಲ್ಲ. ನಮ್ಮ ಹೋಬಳಿಯ ಬೆಳೆಗಾರರು ಸೇರಿ, ತಂತಿ ಉರುಳು ಮತ್ತು ಜಾ ಟ್ರ್ಯಾಪ್‌ಗಳನ್ನು (ಕಾಲನ್ನು ಕಚ್ಚಿ ಹಿಡಿಯುವ ಉಕ್ಕಿನ ಇಕ್ಕಳ) ಸಂಪೂರ್ಣವಾಗಿ ನಿಷೇಧಿಸಬೇಕೆಂದು ಸರ್ಕಾರಕ್ಕೆ ಮನವಿ ಕೊಡಬೇಕೆಂಬುದು ನನ್ನ ಅಪೇಕ್ಷೆ. ಮನವಿಯಲ್ಲಿ ಏನೇನು ಇರಬೇಕೆಂದು ತಿಳಿದವರು ತಿಳಿಸಬೇಕು.

ವಕಾಲತ್ತು (ಹಾಸನ)

ಸರ್, ತಾವು ಈ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಆದರೆ ಮನವಿಯ ಮೊದಲ ಸಾಲಿನಲ್ಲಿಯೇ ‘ನಿಷೇಧಿಸಬೇಕು’ ಎಂದು ಬರೆದರೆ, ಅದು ನಿಷೇಧವಾಗಿ ಐವತ್ತು ವರ್ಷಗಳಾದವು ಎಂಬ ಒಂದು ಸಾಲಿನ ಉತ್ತರ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2ನೇ ಪ್ರಕರಣವು ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಉರುಳೊಡ್ಡುವುದು, ಬೋನಿಗೆ ಕೆಡವುವುದು, ವಿಷವಿಡುವುದು, ಮತ್ತು ಇವುಗಳಿಗಾಗಿ ಮಾಡುವ ಪ್ರತಿಯೊಂದು ಪ್ರಯತ್ನವೂ ಸೇರಿದೆ. ಅಂದರೆ ಪ್ರಾಣಿ ಬೀಳಲಿ, ಬೀಳದಿರಲಿ, ಉರುಳನ್ನು ಒಡ್ಡಿದ ಕ್ಷಣದಲ್ಲಿಯೇ ಅಪರಾಧ ನಡೆದಿರುತ್ತದೆ. ‘ಆಯುಧ’ ಎಂಬುದರ ವ್ಯಾಖ್ಯೆಯಲ್ಲಿಯೂ ಬಂದೂಕಿನ ಜೊತೆಗೆ ಬಲೆ, ವಿಷ, ಉರುಳುಗಳ ಹೆಸರಿದೆ.

ಚಿರತೆ ಆ ಕಾಯ್ದೆಯ 1ನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿಯಾದ್ದರಿಂದ ಅದರ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ. 2022ರ ತಿದ್ದುಪಡಿಯ ಬಳಿಕ ಕನಿಷ್ಠ ದಂಡವೂ 25,000 ರೂಪಾಯಿಗೆ ಏರಿದೆ. ಹಿಂದೆ 3ನೇ ಅನುಸೂಚಿಯಲ್ಲಿದ್ದ ಕಾಡುಹಂದಿ, ಅನುಸೂಚಿಗಳ ಸಂಖ್ಯೆ ಆರರಿಂದ ನಾಲ್ಕಕ್ಕೆ ಇಳಿದಾಗ 2ನೇ ಅನುಸೂಚಿಗೆ ಬಂತು. ಆದ್ದರಿಂದ ‘ಹಂದಿಗೆ ಇಟ್ಟಿದ್ದೆ, ಚಿರತೆ ಬಂದು ಬಿತ್ತು’ ಎಂಬ ಸಮಜಾಯಿಷಿ ಕಾನೂನಿನಲ್ಲಿ ನಿಲ್ಲುವುದಿಲ್ಲ, ಹಂದಿಗೆ ಇಟ್ಟದ್ದೇ ಅಪರಾಧ.

ನಮ್ಮ ಕಾನೂನು ನಿಜವಾಗಿ ಬಡವಾಗಿರುವುದು ನೋವಿನ ವಿಷಯದಲ್ಲಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ 11ನೇ ಪ್ರಕರಣದಲ್ಲಿ ಮೊದಲ ತಪ್ಪಿಗೆ ಇರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಮೂಡಿಗೆರೆ ಬಸ್ ನಿಲ್ದಾಣದಲ್ಲಿ ಅದಕ್ಕೆ ಎರಡು ಮಸಾಲೆದೋಸೆಯೂ ಬರುವುದಿಲ್ಲ.

ಗದ್ದೆಬದು (ಸಕಲೇಶಪುರ)

ಹಿರಿಯರು ಹೇಳಿದ್ದನ್ನೆಲ್ಲ ಓದಿದೆ. ಗೌರವದಿಂದಲೇ ಒಂದು ಮಾತು ಹೇಳುತ್ತೇನೆ, ಯಾರೂ ಬೇಸರಿಸಬಾರದು. ನನಗಿರುವುದು ಒಂದೂವರೆ ಎಕರೆ ಗದ್ದೆ ಮತ್ತು ಗುತ್ತಿಗೆಗೆ ಹಿಡಿದ ಒಂದು ಎಕರೆ ಶುಂಠಿ. ಹಾಲುಗಟ್ಟಿದ ಭತ್ತದ ಗದ್ದೆಗೆ ಹಂದಿಗಳ ಹಿಂಡು ಒಂದು ರಾತ್ರಿ ಇಳಿದರೆ ತಿನ್ನುವುದು ಕಾಲುಭಾಗ, ಹೊರಳಿ ಹಾಳುಮಾಡುವುದು ಮುಕ್ಕಾಲು ಭಾಗ. ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿದರೆ ಪಹಣಿ ಕೇಳುತ್ತಾರೆ; ಶುಂಠಿಯ ಜಮೀನಿನ ಪಹಣಿ ಮಾಲೀಕರ ಹೆಸರಿನಲ್ಲಿದೆ, ನಷ್ಟ ಮಾತ್ರ ನನ್ನ ಹೆಸರಿನಲ್ಲಿದೆ. ಮಹಜರಿಗೆ ಬರುವ ಹೊತ್ತಿಗೆ ಮಳೆ ಬಂದು ಹೆಜ್ಜೆ ಗುರುತೂ ಅಳಿಸಿಹೋಗಿರುತ್ತದೆ.

ನಾನು ಉರುಳು ಇಡುವುದಿಲ್ಲ, ಇಟ್ಟಿಲ್ಲ. ಆದರೆ ಇಟ್ಟವನನ್ನು ಕಂಡಾಗ ನನಗೆ ಸಿಟ್ಟಿಗಿಂತ ಮೊದಲು ಅವನ ಗದ್ದೆ ನೆನಪಾಗುತ್ತದೆ. ನೂರು ಎಕರೆ ಕಾಫಿ ಇದ್ದವರಿಗೆ ಹಂದಿ ಒಂದು ವನ್ಯಜೀವಿ, ನಮಗೆ ಅದು ವರ್ಷದ ಊಟ. ಉರುಳನ್ನು ಬಿಡಿ ಎನ್ನುವವರು, ಅದರ ಬದಲಿಗೆ ಏನು ಹಿಡಿಯಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಪಶುವೈದ್ಯೆ (ವಿರಾಜಪೇಟೆ)

ಗದ್ದೆಬದು ಅವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು, ಉರುಳು ಒಂದು ಪ್ರಾಣಿಗೆ ಏನು ಮಾಡುತ್ತದೆ ಎಂಬುದನ್ನು, ಇಂತಹ ಕೆಲವು ಪ್ರಾಣಿಗಳನ್ನು ಬಿಡಿಸಲು ಹೋಗಿದ್ದವಳಾಗಿ ಹೇಳಬೇಕು. ‘ನೋವಾಗುತ್ತದೆ’ ಎಂಬ ಒಂದೇ ಪದದಲ್ಲಿ ಅದನ್ನು ಮುಗಿಸುವಂತಿಲ್ಲ.

ಹಂದಿಯ ಎತ್ತರಕ್ಕೆ ಇಟ್ಟ ಕುಣಿಕೆಯಲ್ಲಿ ಚಿರತೆಯ ತಲೆ ಮತ್ತು ಭುಜ ಸಲೀಸಾಗಿ ದಾಟಿಬಿಡುತ್ತವೆ. ತಂತಿ ಬಿಗಿಯುವುದು ಸೊಂಟದಲ್ಲಿ. ಅದು ಮುಂದಕ್ಕೆ ಹಾರಿದಷ್ಟೂ ತಂತಿ ಒಳಗೆ ಇಳಿಯುತ್ತದೆ. ಮೇಲಿನ ಚರ್ಮ ಕೆಲವೊಮ್ಮೆ ಹರಿದಿರುವುದೇ ಇಲ್ಲ, ಆದರೆ ಅದರಡಿಯ ಸ್ನಾಯುವಿಗೆ ರಕ್ತ ನಿಂತುಹೋಗಿರುತ್ತದೆ. ಇದರ ಮೇಲೆ, ಗಂಟೆಗಟ್ಟಲೆ ಒದ್ದಾಡಿದ ಪ್ರಾಣಿಯ ಸ್ನಾಯುಗಳು ತಾವಾಗಿಯೇ ಒಡೆಯತೊಡಗುತ್ತವೆ. ಒಡೆದ ಸ್ನಾಯುವಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ, ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅರಿವಳಿಕೆ ಕೊಟ್ಟು, ತಂತಿ ಕತ್ತರಿಸಿ, ಎಚ್ಚರವಾದ ಮೇಲೆ ಎದ್ದು ನಡೆದ ಚಿರತೆಯನ್ನು ಅದೇ ಸಂಜೆ ಕಾಡಿಗೆ ಬಿಟ್ಟರೆ ಚಪ್ಪಾಳೆ ಬೀಳುತ್ತದೆ; ಅದು ನಾಲ್ಕು ದಿನಗಳ ನಂತರ ಯಾವುದೋ ಪೊದೆಯಲ್ಲಿ ಸತ್ತರೆ ಅದನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ. ಜಿಂಕೆ, ಕಾಡುಕುರಿಗಳು ಈ ವಿಷಯದಲ್ಲಿ ಇನ್ನೂ ಸೂಕ್ಷ್ಮ, ಭಯವೊಂದೇ ಅವುಗಳನ್ನು ಕೊಲ್ಲಲು ಸಾಕಾಗುತ್ತದೆ.

ಸುತ್ತ ನೆರೆಯುವ ಜನರ ಬಗ್ಗೆಯೂ ಒಂದು ಮಾತು. ಒಮ್ಮೆ ನಾನು ಅರಿವಳಿಕೆಯ ಔಷಧಿ ತುಂಬಿಸುತ್ತಿದ್ದಾಗ, ಇಪ್ಪತ್ತು ಅಡಿ ದೂರದ ಮರದ ಮೇಲೆ ಕುಳಿತಿದ್ದ ಹುಡುಗ ವಿಡಿಯೊಗಾಗಿ ಶಿಳ್ಳೆ ಹಾಕಿದ. ಚಿರತೆ ಮೇಲಕ್ಕೆ ನೆಗೆದ ರಭಸಕ್ಕೆ ತಂತಿ ಕಟ್ಟಿದ್ದ ಗೂಟವೇ ಅರ್ಧ ಕಿತ್ತು ಬಂತು. ಅದು ಪೂರ್ತಿ ಬಂದಿದ್ದರೆ ಆ ದಿನದ ಸುದ್ದಿ ಬೇರೆಯೇ ಆಗುತ್ತಿತ್ತು. ಇಂತಹ ಕಡೆ ಜನ ಸೇರದಂತೆ ನಿಷೇಧಾಜ್ಞೆ ಹೊರಡಿಸಲು ಅವಕಾಶವಿದೆ, ಅದು ಹೊರಡುವಷ್ಟರಲ್ಲಿ ಊರೇ ಅಲ್ಲಿರುತ್ತದೆ.

ಇನ್ನು ಬದಲಿಯ ವಿಷಯ. ಸೋಲಾರ್ ಬೇಲಿ ಹಂದಿಗೆ ಕೆಲಸ ಮಾಡುವುದಿಲ್ಲ ಎನ್ನುವವರ ಬೇಲಿಯನ್ನು ನೋಡಿದರೆ, ಅದು ಆನೆಗೆಂದು ಎಳೆದ ಬೇಲಿಯಾಗಿರುತ್ತದೆ. ಹಂದಿ ತಲೆ ಎತ್ತಿ ಬರುವ ಪ್ರಾಣಿಯಲ್ಲ. ಕೆಳಗಿನ ಎಳೆ ನೆಲದಿಂದ ಒಂದು ಗೇಣಿನೊಳಗೆ ಇರಬೇಕು, ಅದರ ಮೇಲೆ ಮತ್ತೊಂದು ಗೇಣಿಗೆ ಇನ್ನೊಂದು ಎಳೆ ಇರಬೇಕು. ಮಳೆಗಾಲದಲ್ಲಿ ಕಳೆ ಬೆಳೆದು ಆ ಎಳೆಗೆ ತಾಗಿದರೆ ವಿದ್ಯುತ್ತೆಲ್ಲ ನೆಲಕ್ಕೆ ಸೋರಿಹೋಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ಬೇಲಿಯ ಬುಡವನ್ನು ಕತ್ತಿ ಹಿಡಿದು ಸವರಲೇಬೇಕು. ಬೇಲಿ ಹಾಕಲು ಸಹಾಯಧನ ಸಿಗಬಹುದು, ಬೇಲಿ ಸವರಲು ಸಿಗುವುದಿಲ್ಲ. ಸೋಲುವುದು ಅಲ್ಲಿಯೇ.

ಹಳೇಬಾಣೆ (ಸೋಮವಾರಪೇಟೆ)

ನನಗೆ ಈಗ ಎಪ್ಪತ್ತೊಂದು ವರ್ಷ. ಹುಡುಗನಾಗಿದ್ದಾಗ ದೊಡ್ಡವರ ಜೊತೆ ಉರುಳು ಕಟ್ಟಲು ಹೋದವನು ನಾನು, ಅದನ್ನು ಮುಚ್ಚಿಟ್ಟು ಬರೆದರೆ ಈ ಚರ್ಚೆಗೆ ಪ್ರಯೋಜನವಿಲ್ಲ. ಆಗಿನ ಉರುಳು ಕತ್ತಾಳೆ ನಾರಿನದು. ಸಂಜೆ ಕಟ್ಟಿದರೆ ಬೆಳಕು ಹರಿಯುವ ಮೊದಲು ಹೋಗಿ ನೋಡಲೇಬೇಕಿತ್ತು. ತಡವಾದರೆ ಪ್ರಾಣಿ ನಾರನ್ನು ಕಡಿದುಕೊಂಡು ಹೋಗಿರುತ್ತಿತ್ತು. ನಾಲ್ಕು ಮಳೆ ಬಂದರೆ ನಾರು ಕೊಳೆತು, ಮರೆತ ಉರುಳು ತಾನೇ ಇಲ್ಲವಾಗುತ್ತಿತ್ತು. ಅದನ್ನು ಒಳ್ಳೆಯದೆಂದು ಹೇಳುತ್ತಿಲ್ಲ. ಆದರೆ ಹಳೆಯ ಪದ್ಧತಿ ಎಂಬ ಹೆಸರಿನಲ್ಲಿ ಇವತ್ತಿನ ತಂತಿ ಉರುಳನ್ನು ಸಮರ್ಥಿಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಕ್ಲಚ್ ವೈರನ್ನು ಯಾವ ಹಲ್ಲೂ ಕಡಿಯುವುದಿಲ್ಲ, ಯಾವ ಮಳೆಯೂ ಕೊಳೆಸುವುದಿಲ್ಲ. ಇಟ್ಟವನು ಸಂತೆಗೆ ಹೋಗಿ ಕುಡಿದು ಮರೆತರೂ, ಊರು ಬಿಟ್ಟು ಹೋದರೂ, ಸತ್ತೇ ಹೋದರೂ ಅದು ಅಲ್ಲಿ ಬಾಯಿ ತೆರೆದುಕೊಂಡೇ ಇರುತ್ತದೆ.

ಇನ್ನೊಂದು ವಿಷಯ. ಇಂತಹ ಚರ್ಚೆ ಎದ್ದಾಗಲೆಲ್ಲ ಯಾವುದಾದರೊಂದು ಸಮುದಾಯದ ಕಡೆಗೋ ತೋಟದ ಕೂಲಿಯವರು ಇರುವ ಲೈನ್ ಮನೆಗಳ ಕಡೆಗೋ ಬೆರಳು ತಿರುಗುತ್ತದೆ. ಉರುಳು ಕಟ್ಟುವವನು ಕೂಲಿಯವನಿರಬಹುದು. ಭಾನುವಾರ ಮಾಂಸದ ಪಾಲು ಯಾವ ಯಾವ ಮನೆಯ ಹಿಂಬಾಗಿಲಿಗೆ ಹೋಗುತ್ತಿತ್ತೆಂಬುದು ನನ್ನ ವಯಸ್ಸಿನವರಿಗೆಲ್ಲ ಗೊತ್ತು.

ಕಾರ್ಡಿಫ್ ಕನ್ನಡಿಗ

ನಮ್ಮದು ಮೂಲತಃ ಬಾಳೆಹೊನ್ನೂರು. ಹನ್ನೆರಡು ವರ್ಷಗಳಿಂದ ವೇಲ್ಸ್‌ನಲ್ಲಿದ್ದೇನೆ. ಇಲ್ಲಿ ನಡೆದದ್ದು ನಿಮ್ಮ ಮನವಿಗೆ ಉಪಯೋಗವಾಗಬಹುದು. ಹಲ್ಲಿನ ದವಡೆಯಂತೆ ಕಾಲನ್ನು ಕಚ್ಚಿ ಹಿಡಿಯುವ ಉಕ್ಕಿನ ಇಕ್ಕಳವನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1958ರಲ್ಲಿಯೇ ನಿಷೇಧಿಸಲಾಯಿತು. ಐರೋಪ್ಯ ಒಕ್ಕೂಟವು 1991ರ ನಿಯಮದ ಮೂಲಕ ತನ್ನ ದೇಶಗಳಲ್ಲಿ ಅದನ್ನು ನಿಲ್ಲಿಸಿದ್ದಲ್ಲದೆ, ಅದನ್ನು ಬಳಸುವ ದೇಶಗಳಿಂದ ಹಲವು ಪ್ರಾಣಿಗಳ ತುಪ್ಪಳ ತರಿಸಿಕೊಳ್ಳುವುದಕ್ಕೂ ಕಡಿವಾಣ ಹಾಕಿತು. ಉರುಳಿನ ವಿಷಯದಲ್ಲಿ ಮಾತ್ರ ಇವರು ಬಹಳ ಕಾಲ ನಡುದಾರಿಯಲ್ಲಿದ್ದರು. 1981ರ ಕಾಯ್ದೆಯು ಬಿಗಿದ ಮೇಲೆ ಸಡಿಲವಾಗದ ಉರುಳನ್ನು ಮಾತ್ರ ನಿಷೇಧಿಸಿ, ಉಳಿದವನ್ನು ಇಟ್ಟವರು ದಿನಕ್ಕೊಮ್ಮೆಯಾದರೂ ಹೋಗಿ ನೋಡಬೇಕೆಂದು ವಿಧಿಸಿತು. ಕೊನೆಗೆ 2023ರಲ್ಲಿ ವೇಲ್ಸ್ ಎಲ್ಲ ಬಗೆಯ ಉರುಳುಗಳನ್ನೂ, ಇಲಿಗೆ ಇಡುವ ಅಂಟು ಹಲಗೆಯನ್ನೂ ಒಟ್ಟಿಗೆ ನಿಷೇಧಿಸಿತು. 2024ರಲ್ಲಿ ಸ್ಕಾಟ್ಲೆಂಡ್ ಕೂಡ ಉರುಳನ್ನು ನಿಲ್ಲಿಸಿತು.

ನಿಮ್ಮ ಕ್ಲಚ್ ವೈರ್ ಇಲ್ಲಿನ ಲೆಕ್ಕದಲ್ಲಿ 1981ರಲ್ಲಿಯೇ ನಿಷಿದ್ಧವಾದ ಜಾತಿಯದು. ಆದರೆ ಇಲ್ಲಿ ಉರುಳನ್ನು ಬಹುಪಾಲು ಬೇಟೆಯ ಹಕ್ಕಿಗಳನ್ನು ಸಾಕುವ ಎಸ್ಟೇಟುಗಳವರು ನರಿಗಾಗಿ ಇಡುತ್ತಿದ್ದರು. ಇಟ್ಟವರಾರೆಂದು ಎಲ್ಲರಿಗೂ ಗೊತ್ತಿತ್ತು, ಅಂಗಡಿಯಲ್ಲಿ ಕೊಂಡ ಸರಕಾಗಿತ್ತು. ನಮ್ಮೂರಿನಲ್ಲಿ ಅದು ಗ್ಯಾರೇಜಿನ ಗುಜರಿ. ಅದನ್ನು ಮಾರುವವರಿಲ್ಲ, ಇಟ್ಟವರಾರೆಂದು ಒಪ್ಪುವವರೂ ಇಲ್ಲ. ಅದಕ್ಕೇ ಇಲ್ಲಿಯ ಕಾನೂನನ್ನು ಅಲ್ಲಿಗೆ ಎತ್ತಿಕೊಂಡು ಹೋಗಿ ನೆಟ್ಟರೆ ಅದು ಬೇರು ಬಿಡುವುದು ಅನುಮಾನ.

ಹಳ್ಳದದಂಡೆ (ಮೂಡಿಗೆರೆ)

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ನಿಷೇಧಿಸಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಈಗಿನ ಕಾನೂನು ಉರುಳು ಕಟ್ಟುವ ಕೈಯನ್ನು ಹುಡುಕುತ್ತದೆ, ಆ ಕೈ ಸಿಗುವುದು ಅಪರೂಪ. ತಂತಿ ಕಟ್ಟಿದ ಮರ ಯಾರ ಜಮೀನಿನಲ್ಲಿದೆಯೆಂಬುದು ಮಾತ್ರ ಪ್ರತಿ ಸಲವೂ ಖಚಿತವಾಗಿ ಗೊತ್ತಿರುತ್ತದೆ. ಹಾಗಾಗಿ ನಾವು ಕೇಳಬೇಕಾದದ್ದು ನಮ್ಮ ಮೇಲೆಯೇ ಒಂದು ಹೊಣೆ: ಇಂತಿಷ್ಟು ಎಕರೆಗಿಂತ ದೊಡ್ಡ ತೋಟದ ಮಾಲೀಕರು ತಮ್ಮ ಗಡಿ, ಹಳ್ಳದ ದಂಡೆ, ಬೇಲಿಯ ಕಂಡಿಗಳನ್ನು ನಿಯತವಾಗಿ ತಪಾಸಣೆ ಮಾಡಿ, ಸಿಕ್ಕ ಉರುಳನ್ನು ಅರಣ್ಯ ಇಲಾಖೆಗೆ ಒಪ್ಪಿಸಿ, ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ನೂರು ಎಕರೆಯ ತೋಟದವರು ರೈಟರನ್ನು ಇಟ್ಟು ಗೊಬ್ಬರದ ಚೀಲಗಳ ಲೆಕ್ಕ ಬರೆಸುತ್ತಾರೆ. ಉರುಳಿನ ಲೆಕ್ಕಕ್ಕೆ ಅದೇ ಪುಸ್ತಕದಲ್ಲಿ ಒಂದು ಪುಟ ಸಾಕು.

ವಕಾಲತ್ತು (ಹಾಸನ)

ಸರ್, ತಾತ್ವಿಕವಾಗಿ ಒಪ್ಪುತ್ತೇನೆ, ಆದರೆ ಪದಗಳ ಬಗ್ಗೆ ಎಚ್ಚರ ಬೇಕು. ‘ಜಮೀನಿನಲ್ಲಿ ಉರುಳು ಸಿಕ್ಕರೆ ಮಾಲೀಕನೇ ಅಪರಾಧಿ’ ಎಂಬ ಅರ್ಥ ಬಂದರೆ, ಗಡಿ ತಂಟೆ ಇರುವ ದಾಯಾದಿಗಳು ಒಬ್ಬರ ತೋಟದಲ್ಲಿ ಇನ್ನೊಬ್ಬರು ತಂತಿ ಕಟ್ಟಿ ಫೋನ್ ಮಾಡುವುದು ಮರುದಿನವೇ ಶುರುವಾಗುತ್ತದೆ. ಮಾಲೀಕನ ತಪ್ಪು ಉರುಳು ಇದ್ದದ್ದಲ್ಲ, ನೋಡದಿದ್ದದ್ದು ಅಥವಾ ಕಂಡೂ ತಿಳಿಸದಿದ್ದದ್ದು ಎಂದು ಬರೆಯಬೇಕು. ತಾನಾಗಿ ತಿಳಿಸಿದವನ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಭರವಸೆಯೂ ಬೇಕು. ಅದಿಲ್ಲದಿದ್ದರೆ ಚಿರತೆ ಬಿದ್ದ ರಾತ್ರಿಯೇ ತೋಟದಲ್ಲಿ ಗುಂಡಿ ತೋಡುವ ಕೆಲಸ ನಡೆಯುತ್ತದೆ.

ಗದ್ದೆಬದು ಅವರಿಗಾಗಿ ಇನ್ನೊಂದು ಮಾಹಿತಿ: ನಿಂತ ಬೆಳೆಗೆ ಅಪಾಯ ಮಾಡುವ 2ನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ನೀಡಲು ವನ್ಯಜೀವಿ ಕಾಯ್ದೆಯ 11ನೇ ಪ್ರಕರಣದಲ್ಲಿ ಅವಕಾಶವಿದೆ. ಕೇರಳವು 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಜೊತೆಗೆ ಸಿಡಿಮದ್ದು, ವಿಷ, ವಿದ್ಯುತ್ ಬಳಸುವಂತಿಲ್ಲವೆಂದು ಷರತ್ತು ಹಾಕಿತು. 2020ರ ಮೇ ತಿಂಗಳಲ್ಲಿ ಸಿಡಿಮದ್ದು ಕಚ್ಚಿ ಬಾಯಿ ಒಡೆದ ಗರ್ಭಿಣಿ ಆನೆಯೊಂದು ಪಾಲಕ್ಕಾಡ್ ಜಿಲ್ಲೆಯ ವೆಳ್ಳಿಯಾರ್ ನದಿಯ ನೀರಿನಲ್ಲಿ ನಿಂತೇ ಸತ್ತದ್ದು ಅವರಿಗೆ ಮರೆತಿರಲಾರದು. ಹಂದಿಯನ್ನು ಕೊಲ್ಲಬೇಕೋ ಬೇಡವೋ ಎಂಬ ವಾದ ಬೇರೆ, ಹೇಗೆ ಕೊಲ್ಲಬಾರದು ಎಂಬುದು ಬೇರೆ. ಮೊದಲನೆಯದರಲ್ಲಿ ನಾವು ಒಮ್ಮತಕ್ಕೆ ಬರದಿದ್ದರೂ ಎರಡನೆಯದರಲ್ಲಿ ಬರಬಹುದು.

ಗದ್ದೆಬದು (ಸಕಲೇಶಪುರ)

ಈ ಕೊನೆಯ ಮಾತಿಗೆ ನನ್ನ ಸಹಿಯೂ ಇದೆ. ಆದರೆ ಮನವಿಯಲ್ಲಿ ಎರಡು ಸೇರ್ಪಡೆ ಆಗಬೇಕು. ಗುತ್ತಿಗೆ ಬೆಳೆಗಾರನಿಗೆ ಪಹಣಿಯ ಬದಲು ಗುತ್ತಿಗೆ ಪತ್ರ ತೋರಿಸಿದರೆ ಪರಿಹಾರ ಕೊಡಬೇಕು. ಹಂದಿಗೆ ತಕ್ಕ ತಗ್ಗಿನ ಬೇಲಿಗೆ ಸಹಾಯಧನ ಕೊಡುವಾಗ ಸಣ್ಣ ಹಿಡುವಳಿಯವರನ್ನು ಪಟ್ಟಿಯ ಮೇಲಕ್ಕೆ ತರಬೇಕು. ಪಶುವೈದ್ಯೆ ಅಕ್ಕ ಹೇಳಿದ ಗೇಣಿನ ಲೆಕ್ಕವನ್ನು ನಾನು ನಮ್ಮ ಬೇಲಿಯಲ್ಲಿ ಅಳೆದು ನೋಡಿದೆ: ಕೆಳಗಿನ ಎಳೆ ನನ್ನ ಮೊಣಕಾಲಿಗೆ ಬರುತ್ತದೆ. ಹಾಕಿಸಿದವರು ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಕಿಸಿದ್ದಾರೆ, ನಮ್ಮ ಗದ್ದೆಗೆ ಆನೆ ಬಂದದ್ದೇ ಇಲ್ಲ.

ಲೈನ್‌ಮನೆ (ಕಳಸ)

ನಾನು ಒಂದು ತೋಟದಲ್ಲಿ ರೈಟರ್ ಕೆಲಸ ಮಾಡುತ್ತೇನೆ. ತಪಾಸಣೆಗೆ ಹೋಗುವುದು ಕೊನೆಗೆ ನಮ್ಮಂಥವರೇ. ಒಂದು ಸಣ್ಣ ವಿನಂತಿ: ಆ ದಿನದ ಹಾಜರಿಯನ್ನು ಪೂರ್ತಿ ಕೊಡಿ, ಉರುಳು ಹುಡುಕಿದವನನ್ನೇ ಮೊದಲು ಅನುಮಾನಿಸಬೇಡಿ. ಎಲ್ಲಿದೆಯೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿಸಿಕೊಂಡವನು ಎರಡನೆಯ ಉರುಳನ್ನು ಕಂಡರೂ ಕಾಣದಂತೆ ದಾಟಿ ಬರುತ್ತಾನೆ. ಹುಡುಕುವ ಕ್ರಮದ ಬಗ್ಗೆ ಹೇಳುವುದಾದರೆ, ತಂತಿಯನ್ನು ಹುಡುಕಬೇಡಿ, ದಾರಿಯನ್ನು ಹುಡುಕಿ. ಹಂದಿ ದಿನವೂ ನುಸುಳುವ ಕಂಡಿಯ ಎರಡೂ ಬದಿಗೆ ಮುಳ್ಳಿನ ಕೊಂಬೆಯನ್ನು ಯಾರೋ ಜೋಡಿಸಿಟ್ಟಂತೆ ಕಂಡರೆ, ನಡುವೆ ಬಿಟ್ಟ ಜಾಗದಲ್ಲಿ ಕುಣಿಕೆ ಇದೆಯೆಂದೇ ತಿಳಿಯಿರಿ.

ಹಳ್ಳದದಂಡೆ (ಮೂಡಿಗೆರೆ)

ಲೈನ್‌ಮನೆಯವರು ಹೇಳಿದ ಕ್ರಮದಲ್ಲಿಯೇ ನಿನ್ನೆ ಭಾನುವಾರ ನಾವು ಆರು ಜನ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಡೆದೆವು. ಹಾಜರಿ ಪೂರ್ತಿ ಬರೆದಿದ್ದೇನೆ. ನಮ್ಮ ತೋಟ ಮತ್ತು ಪಕ್ಕದ ಎರಡು ತೋಟಗಳ ಹಳ್ಳದ ದಂಡೆಯಲ್ಲಿ ಏಳು ತಂತಿಗಳು ಸಿಕ್ಕವು. ಐದು ಕ್ಲಚ್ ವೈರ್; ಒಂದು ದಪ್ಪ ಬೈಂಡಿಂಗ್ ತಂತಿ; ಇನ್ನೊಂದು ಕಳೆ ಕೊಚ್ಚುವ ಯಂತ್ರದ ಆಕ್ಸಿಲರೇಟರ್ ಕೇಬಲ್. ಈ ಕೊನೆಯದನ್ನು ನೋಡಿ ಮನೆಗೆ ಬಂದವನು ಶೆಡ್ಡಿನ ಮೂಲೆಯ ಗುಜರಿ ಚೀಲವನ್ನು ನೆಲಕ್ಕೆ ಸುರಿದೆ. ಕಳೆದ ವರ್ಷ ಬದಲಿಸಿದ ಹಳೆಯ ಕೇಬಲ್‌ಗಳಲ್ಲಿ ಮೂರು ಮಾತ್ರ ಇದ್ದವು. ಎಷ್ಟು ಇರಬೇಕಾಗಿತ್ತೆಂಬ ಲೆಕ್ಕ ನನ್ನಲ್ಲಿಲ್ಲ. ಉಳಿದ ಮೂರನ್ನೂ ಗೇಣುದ್ದಕ್ಕೆ ತುಂಡರಿಸಿ ಹಾಕಿದೆ.

ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿದ್ದೇನೆ, ತಂತಿಗಳನ್ನು ಒಪ್ಪಿಸಿ ಸ್ವೀಕೃತಿ ಪಡೆಯುತ್ತೇನೆ. ಮನವಿಯ ಕರಡನ್ನು ವಕೀಲರು ಈ ವಾರ ಸಿದ್ಧಪಡಿಸಿ ಕೊಟ್ಟರೆ, ಗದ್ದೆಬದು ಅವರ ಎರಡು ಅಂಶಗಳನ್ನು ಮೊದಲ ಪುಟದಲ್ಲಿಯೇ ಸೇರಿಸೋಣ. ಮುಂದಿನ ಭಾನುವಾರ ಹಳ್ಳದ ಆಚೆ ದಂಡೆಗೆ ಹೋಗುತ್ತೇವೆ. ಬರುವವರು ಮನೆಯಲ್ಲಿರುವ ಸಣ್ಣ ಇಕ್ಕಳ ತರಬೇಡಿ, ಅದರಲ್ಲಿ ಕ್ಲಚ್ ವೈರ್ ತುಂಡಾಗುವುದಿಲ್ಲ. ಉದ್ದ ಹಿಡಿಯ ಕೇಬಲ್ ಕಟ್ಟರ್ ಇದ್ದವರು ತನ್ನಿ. ನಮ್ಮಲ್ಲಿ ಇರುವುದು ಒಂದೇ.